ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್ ಇದೆ ಗುರೂ

ಮೇಲಿನ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡ್ರೆ ಸಾಕು, ಬೆಂಗಳೂರಿನಲ್ಲಿ ಯಾವ ಸಿನಿಮಾದ ಚರ್ಚೆಗೂ ಧೈರ್ಯವಾಗಿ ಕೂರಬಹುದು. ಸಿನಿಮಾ ನೋಡಿರಲೇಬೇಕು ಅಂತೇನಿಲ್ಲ. ಜೊತೆಗೆ ಇನ್ನೊಂದು ನಾಲ್ಕು ವಾಕ್ಯ ಜೇಬಿನಲ್ಲಿದ್ರೆ ಎಕ್ಸ್‌ಪರ್ಟ್ ಆಗಿಬಿಡ್ತೀರಿ. ಬಿಜಿಎಂ ಬೆಂಕಿ. ಮೇಕಿಂಗ್ ಸೂಪರ್. ಇಂಟರ್‌ವಲ್ ಸೀನ್ ಪೈಸಾ ವಸೂಲ್. ಕ್ಲೈಮ್ಯಾಕ್ಸ್ ಇನ್ನೂ ಚೆನ್ನಾಗಿ ಮಾಡಬಹುದಿತ್ತು. ಸೋಮವಾರ ಬೆಳಿಗ್ಗೆ ಆಫೀಸಿನ ಕಾಫಿ ಮಷೀನ್ ಮುಂದೆ ಹತ್ತು ನಿಮಿಷ ನಿಂತ್ರೆ ಇವಿಷ್ಟೂ ಕಿವಿಗೆ ಬೀಳ್ತಾವೆ. ವಾರ ವಾರ ಸಿನಿಮಾ ಬದಲಾಗ್ತದೆ, ಮಾತು ಬದಲಾಗಲ್ಲ.

ಈ ಲ್ಯಾಗ್ ಅನ್ನೋದು ನಮ್ಮ ಕಸುಬಿನ ಪದ. ಸರ್ವರ್ ತಡವಾಗಿ ಉತ್ತರ ಕೊಟ್ರೆ ಲ್ಯಾಗ್ ಅಂತೀವಿ. ಐದು ದಿನ ಡ್ಯಾಶ್‌ಬೋರ್ಡ್ ನೋಡಿ ನೋಡಿ, ಶನಿವಾರ ಥಿಯೇಟರಿನಲ್ಲಿ ಕೂತಾಗಲೂ ನಾವು ಡ್ಯಾಶ್‌ಬೋರ್ಡನ್ನೇ ನೋಡ್ತಿರ್ತೀವಿ. ಎಲ್ಲಿ ನಿಧಾನ ಆಯ್ತು, ಎಲ್ಲಿ ಸ್ಪೀಡ್ ಹಿಡೀತು, ಐದಕ್ಕೆ ಎಷ್ಟು ಕೊಡಬಹುದು. ಕ್ಯಾಬ್ ಇಳಿದಾಗ, ಊಟ ಮನೆಗೆ ಬಂದಾಗ ಕೊಡ್ತೀವಲ್ಲ, ಅದೇ ಐದು ಸ್ಟಾರ್. ಪರದೆ ಮೇಲೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಏನು ಮಾಡಿದ, ಅದು ಸರಿಯೋ ತಪ್ಪೋ ಅನ್ನೋದು ಮಾತ್ರ ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ.

ಒಂದು ಉದಾಹರಣೆ ಹೇಳ್ತೀನಿ. 2023ರ ಸೆಪ್ಟೆಂಬರಿನಲ್ಲಿ ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಬಂತು. ನಮ್ಮಲ್ಲಿ ಎರಡು ಪಾರ್ಟಿ ಆದವು. ಒಂದು ಪಾರ್ಟಿ ‘ಕಾವ್ಯ, ಮಚ್ಚಾ’ ಅಂತ ಕಣ್ಣು ಮುಚ್ತು. ಇನ್ನೊಂದು ‘ಸ್ಲೋ, ನಿದ್ದೆ ಬಂತು’ ಅಂತು. ನವೆಂಬರಿನಲ್ಲಿ ಸೈಡ್ ಬಿ ಬರೋ ತನಕ ಇದೇ ಜಗಳ. ಆ ಸಿನಿಮಾದ ಮನು ಏನು ಮಾಡ್ತಾನೆ? ಪ್ರಿಯಾಗೆ ಒಂದು ಮನೆ ಕೊಡಿಸೋ ಆಸೆಗೆ, ಧಣಿಯ ಮಗ ಮಾಡಿದ ಅಪಘಾತವನ್ನ ದುಡ್ಡಿಗಾಗಿ ತನ್ನ ತಲೆ ಮೇಲೆ ಹಾಕ್ಕೊಂಡು ಜೈಲಿಗೆ ಹೋಗ್ತಾನೆ. ಇಪ್ಪತ್ತು ವರ್ಷದ ಹೋಮ್ ಲೋನ್ ಹೊತ್ತುಕೊಂಡು ಕೂತ ಹತ್ತು ಜನರ ಟೇಬಲ್ಲಿನಲ್ಲಿ ಕೇಳಬಹುದಾದ ಪ್ರಶ್ನೆ ಇದಕ್ಕಿಂತ ಇನ್ನೇನಿದೆ? ಮನೆಗಾಗಿ ನೀನು ಎಲ್ಲಿ ತನಕ ಹೋಗ್ತೀಯಾ? ಇನ್ನೂ ಒಂದು ಪ್ರಶ್ನೆ ಇತ್ತು. ಆ ಕಾರಿಗೆ ಸಿಕ್ಕು ಸತ್ತವನು ಯಾರು? ಅವನ ಮನೆಯವರಿಗೆ ನಿಜವಾದ ತಪ್ಪಿತಸ್ಥ ಸಿಗಲೇ ಇಲ್ಲವಲ್ಲ, ಅದರಲ್ಲಿ ನಮ್ಮ ಹೀರೋನ ಪಾಲೆಷ್ಟು? ಎರಡು ತಿಂಗಳ ಚರ್ಚೆಯಲ್ಲಿ ಸತ್ತವನ ಸುದ್ದಿ ಒಂದು ಸಲವೂ ಬರಲಿಲ್ಲ. ಕ್ಯಾಮೆರಾ ಲೆನ್ಸಿನ ಸುದ್ದಿ ಬಂತು.

ನಮ್ಮೂರು ಗುತ್ತಲದ ಹತ್ತಿರದ ಹಳ್ಳಿ. ಅಲ್ಲಿ ಸಿನಿಮಾ ಮಾತು ಹೆಂಗಿರ್ತಿತ್ತು ಅನ್ನೋದನ್ನ ಹೇಳಲೇಬೇಕು. ‘ಹಳ್ಳಿ ಹೊಗಳೋಕೆ ಶುರು ಮಾಡಿದ’ ಅನ್ನಬೇಡಿ, ಅಲ್ಲಿನ ಹುಳುಕಿಗೂ ಬರ್ತೀನಿ. ತೊಂಬತ್ತರ ದಶಕದಲ್ಲಿ ಓಣಿಗೆ ಒಂದೋ ಎರಡೋ ಟಿವಿ. ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ. ಕರೆಂಟು ಇದ್ರೆ ಪೂರ್ತಿ, ಇಲ್ಲಾಂದ್ರೆ ಅರ್ಧ. ‘ಬಂಗಾರದ ಮನುಷ್ಯ’ ಬಂದ ವಾರ ಊರ ಕಟ್ಟೆ ಮೇಲೆ ಮೂರು ದಿನ ಜಗಳ ನಡೀತು. ಆ ಸಿನಿಮಾ 1972ರದ್ದು, ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷದ ಹತ್ತಿರ ಓಡಿದ್ದು ಅಂತ ಈಗ ನಾವು ರೆಕಾರ್ಡ್ ಹೇಳ್ತೀವಿ. ನಮ್ಮೂರಿನಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಅವರ ಪ್ರಶ್ನೆ ಒಂದೇ: ‘ರಾಜೀವ ಮನಿ ಬಿಟ್ಟು ಹೋಗಿದ್ದು ಸರಿ ಏನು?’

ಅಕ್ಕನ ಮಕ್ಕಳಿಗಾಗಿ ಕಲ್ಲುಭೂಮಿ ಒಡೆದು ಹೊಲ ಮಾಡಿದವ, ಅಕ್ಕನ ಮಗನೇ ಅವಮಾನ ಮಾಡಿದಾಗ ಎದುರು ಮಾತಾಡದೆ ಹೊರಟು ಹೋಗ್ತಾನೆ. ಒಬ್ಬರು ಅಂದ್ರು, ‘ದೊಡ್ಡಸ್ತಿಕಿ ಅಂದ್ರ ಅದು.’ ಇನ್ನೊಬ್ಬರು, ‘ದೊಡ್ಡಸ್ತಿಕಿ ಅಲ್ಲೋ ಮಾರಾಯಾ, ಹಂಗ ಸುಮ್ನ ಹೋದ್ರ ಆ ಹುಡುಗಗ ತಪ್ಪು ತಿಳಿಯೂದು ಯಾವಾಗ? ನಿಂತು ಎರಡು ಬಡೀಬೇಕಿತ್ತು.’ ಮೂರನೆಯವರು ಅಣ್ಣತಮ್ಮಂದಿರ ಪಾಲಿನ ಕೇಸಿಗಾಗಿ ಹಾವೇರಿ ಕೋರ್ಟಿಗೆ ಅಲೀತಿದ್ದವರು. ಅವರು ಏನೂ ಹೇಳದೆ ಎದ್ದು ಹೋದ್ರು. ಎದ್ದು ಹೋಗಿದ್ದು ಯಾಕೆ ಅಂತ ಕಟ್ಟೆಗೆಲ್ಲ ಗೊತ್ತಿತ್ತು. ಸಿನಿಮಾದ ನೆಪದಲ್ಲಿ ಅವತ್ತು ನಡೆದಿದ್ದು ನಮ್ಮೂರಿನ ಹೊಲಗಳ, ನಮ್ಮೂರಿನ ಅಕ್ಕತಂಗಿಯರ ಮಾತು.

ಇದು ಹಳೇ ಕಾಲದ ಕತೆ ಮಾತ್ರ ಅಲ್ಲ. 2024ರ ಸಂಕ್ರಾಂತಿಗೆ ಊರಿಗೆ ಹೋದಾಗ ‘ಕಾಟೇರ’ ಓಡ್ತಿತ್ತು. ಬೆಂಗಳೂರಿನಲ್ಲಿ ಅದು ಮಾಸ್ ಸಿನಿಮಾ, ಫಸ್ಟ್ ಡೇ ಎಷ್ಟಾಯ್ತು ಅನ್ನೋ ಸಿನಿಮಾ. ಊರಿನಲ್ಲಿ ವಯಸ್ಸಾದವರು ಗೇಣಿ ಕಾಲದ ಮಾತು ತೆಗೆದ್ರು. ದೇವರಾಜ ಅರಸು ಕಾಲದಲ್ಲಿ, 1974ರ ತಿದ್ದುಪಡಿ ಆದ ಮೇಲೆ, ಯಾರು ಫಾರ್ಮ್ ನಂಬರ್ 7 ಹಾಕಿದ್ರು, ಯಾರು ಧಣಿ ಮುಖ ನೋಡಿ ಹಾಕದೆ ಕೂತ್ರು, ಹಾಕದವರ ಮೊಮ್ಮಕ್ಕಳು ಈಗೆಲ್ಲಿ ಕೂಲಿ ಮಾಡ್ತಾರೆ. ಹೀರೋ ಎಂಟ್ರಿಗೆ ಅವರೂ ಶಿಳ್ಳೆ ಹಾಕಿದವರೇ. ಶಿಳ್ಳೆಗೂ ಯೋಚನೆಗೂ ಜಗಳ ಇದೆ ಅಂತ ತಿಳ್ಕೊಂಡಿರೋದು ನಾವು.

ಈಗ ಸ್ಪಾಯ್ಲರ್ ವಿಷಯ. ನಮ್ಮ ಪೀಳಿಗೆಯ ದೊಡ್ಡ ಮಡಿ ಇದು. ಬಾಯಿ ತೆಗೆದ್ರೆ ‘ಏಯ್, ಕತೆ ಹೇಳಬೇಡ!’ ಸರಿ, ಮೊದಲ ವಾರ ಬೇಡ. ಎರಡು ವರ್ಷ ಆದ ಮೇಲೂ ಬೇಡ ಅಂದ್ರೆ? ಕತೆ ಹೇಳದೆ ಸಿನಿಮಾ ಬಗ್ಗೆ ಏನು ಮಾತಾಡಬಹುದು ಯೋಚನೆ ಮಾಡಿ. ಚೆನ್ನಾಗಿದೆ, ಚೆನ್ನಾಗಿಲ್ಲ. ಬೆಂಕಿ, ಡಬ್ಬಾ. ಬರೀ ವಿಶೇಷಣ ಉಳೀತವೆ. ಕೊನೆಯಲ್ಲಿ ಏನಾಯ್ತು ಅನ್ನೋದನ್ನ ಮುಟ್ಟದೆ, ಆಗಿದ್ದು ನ್ಯಾಯವೋ ಅನ್ಯಾಯವೋ ಅಂತ ಜಗಳ ಮಾಡೋದು ಹೆಂಗೆ? ನಮ್ಮ ಕಡೆ ದೊಡ್ಡಾಟ ಆದ್ರೆ ಕೀಚಕ ಸಾಯ್ತಾನೆ ಅಂತ ಮೂರು ವರ್ಷದ ಕೂಸಿಗೂ ಗೊತ್ತು. ಆದ್ರೂ ಬೆಳಗಿನ ಜಾವದ ತನಕ ಚಾಪೆ ಹಾಸ್ಕೊಂಡು ಕೂರ್ತಾರೆ, ಮರುದಿನ ಭೀಮನ ಪಾತ್ರಧಾರಿ ಎಲ್ಲಿ ತಾಳ ತಪ್ಪಿದ ಅಂತಲೂ ಹೇಳ್ತಾರೆ, ವಿರಾಟರಾಜ ಸುಮ್ಮನೆ ಕೂತಿದ್ದು ಹೇಡಿತನ ಅಂತಲೂ ಹೇಳ್ತಾರೆ. ಹಂಗಾಗಿ ‘ಹಳ್ಳಿಯವರಿಗೆ ಟೆಕ್ನಿಕಲ್ ಗೊತ್ತಾಗಲ್ಲ, ಅದಕ್ಕೆ ಕತೆ ಹಿಡ್ಕೊಂಡು ಕೂರ್ತಾರೆ’ ಅನ್ನೋ ನಿಮ್ಮ ವಾದ ನನ್ನ ಹತ್ರ ನಡೆಯಲ್ಲ.

ಕನ್ನಡದಲ್ಲಿ ಸಿನಿಮಾ ಜಗಳ ಅಂದ್ರೆ ಹಿಂದೆ ಪಾತ್ರದ ಜಗಳವೇ ಆಗಿತ್ತು. ಪುಟ್ಟಣ್ಣ ‘ನಾಗರಹಾವು’ ಮಾಡಿದಾಗ, ನಾಗರಹಾವನ್ನ ಕೇರೆಹಾವು ಮಾಡಿಬಿಟ್ರು ಅಂತ ತರಾಸು ಬೇಸರ ಪಟ್ಟುಕೊಂಡರು ಅನ್ನೋ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ರಾಮಾಚಾರಿಯ ವಿಷ ಎಷ್ಟು, ಅದನ್ನ ಸಿನಿಮಾ ಉಳಿಸ್ಕೊಂಡಿತೋ ಕಳೆಯಿತೋ ಅನ್ನೋ ಜಗಳ ಅದು. ‘ಸಂಸ್ಕಾರ’ಕ್ಕೆ ಮೊದಲು ಸೆನ್ಸಾರಿನ ತಡೆ ಬಿತ್ತು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ತಡೆದವರೂ ಸೆಕೆಂಡ್ ಹಾಫ್ ಲ್ಯಾಗ್ ಅಂತ ತಡೀಲಿಲ್ಲ.

ಊರಿನ ಹುಳುಕು ಹೇಳ್ತೀನಿ ಅಂದಿದ್ದೆ. ಆ ಕಟ್ಟೆ ಗಂಡಸರ ಕಟ್ಟೆ. ಹೆಂಗಸರ ಮಾತು ಒಲೆ ಮುಂದೆ, ಕಸೂತಿ ಹಾಕುವಾಗ, ಮೆಣಸಿನಕಾಯಿ ತೊಟ್ಟು ಬಿಡಿಸುವಾಗ. ಅಲ್ಲಿಯ ತೀರ್ಪು ಕಟ್ಟೆಗೆ ಬರ್ತಿರಲಿಲ್ಲ. ನಾನು ಕೇಳಿದ ಅತಿ ಚೂಪಾದ ಸಿನಿಮಾ ವಿಮರ್ಶೆ ಮಾತ್ರ ಅಲ್ಲಿಂದಲೇ ಬಂದಿದ್ದು. ‘ಮುಂಗಾರು ಮಳೆ’ 2006ರ ಡಿಸೆಂಬರ್ ಕೊನೆಗೆ ಬಂತು. ನಾನಾಗ ಬಿಇ ಓದ್ತಿದ್ದೆ. ಇಡೀ ಹಾಸ್ಟೆಲು ಪ್ರೀತಮ್‌ನ ತ್ಯಾಗಕ್ಕೆ ಕಣ್ಣೀರು ಹಾಕಿತ್ತು. ಆಮೇಲೆ ಟಿವಿಯಲ್ಲಿ ಬಂದಾಗ ನಮ್ಮವ್ವ ಪೂರ್ತಿ ನೋಡಿ ಕೇಳಿದ್ಲು: ‘ಅಂವಾ ತ್ಯಾಗ ಮಾಡಿದ್ದು ತಂದಲ್ಲಲಾ, ಆಕಿದು. ಆಕಿನ್ನ ಒಂದು ಮಾತು ಕೇಳಬಾರದಾ?’

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಓಡಿದ ಸಿನಿಮಾ, ಲಕ್ಷಗಟ್ಟಲೆ ಜನ ನೋಡಿದ್ರು. ಈ ಮಾತನ್ನ ನಾನು ಬೇರೆ ಕಡೆ ಕೇಳಲಿಲ್ಲ.

‘ಅಯ್ಯೋ, ವಾರವೆಲ್ಲ ದುಡಿದು ದಣಿದಿರ್ತೀವಿ, ಸಿನಿಮಾ ಎಂಟರ್‌ಟೇನ್‌ಮೆಂಟ್ ಅಷ್ಟೇ, ಯಾಕಿಷ್ಟು ಸೀರಿಯಸ್’ ಅಂತೀರಿ. ಸೀರಿಯಸ್ ಬೇಡ ಅನ್ನೋರು ಯಾರ್ಯಾರ ಕಲೆಕ್ಷನ್ ಎಷ್ಟು ಕೋಟಿ ಅಂತ ರಾತ್ರಿ ಒಂದು ಗಂಟೆಗೆ ಸಾಕ್ಷಿ ಸಮೇತ ಜಗಳ ಮಾಡ್ತಾರಲ್ಲ, ಅದು ಆಟವೇ? ದಣಿವು ನ್ಯಾಯದ ಪ್ರಶ್ನೆಗೆ ಮಾತ್ರ ಬರ್ತದೆ.

ಇದರಿಂದ ನಷ್ಟ ಏನು? 2025ರ ಜುಲೈನಲ್ಲಿ ಭೀಮರಾವ್ ಪಿ. ನಿರ್ದೇಶನದ ‘ಹೆಬ್ಬುಲಿ ಕಟ್’ ಬಿಡುಗಡೆ ಆಯ್ತು. ಉತ್ತರ ಕರ್ನಾಟಕದ ಹಳ್ಳಿ ಹುಡುಗ, ಸುದೀಪ್ ಫ್ಯಾನು, ಹೆಬ್ಬುಲಿ ಸಿನಿಮಾದ ಥರ ಕಟಿಂಗ್ ಮಾಡಿಸ್ಕೋಬೇಕು ಅಂತ ಆಸೆ. ಅವನ ಜಾತಿಯವರ ತಲೆಗೆ ಆ ಊರಿನ ಸಲೂನಿನಲ್ಲಿ ಕತ್ತರಿ ಇಲ್ಲ. ಕತೆ ಇಷ್ಟೇ. ನಮ್ಮ ಟೇಬಲ್ಲಿನಲ್ಲಿ ನೋಡಿದವರು ನಾವಿಬ್ಬರೇ. ನೋಡಿದ ಇನ್ನೊಬ್ಬರ ತೀರ್ಪು: ‘ಕಂಟೆಂಟ್ ಓಕೆ, ಆದ್ರೆ ಒಂದು ಹೇರ್ ಕಟ್‌ಗೆ ಇಷ್ಟೊಂದಾ? ಸ್ವಲ್ಪ ಓವರ್ ಆಯ್ತು. ಟ್ರಿಮ್ ಮಾಡಬಹುದಿತ್ತು.’

ಅದಕ್ಕೆ ಹಿಂದಿನ ವರ್ಷ, 2024ರ ಆಗಸ್ಟಿನಲ್ಲಿ, ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡಿಸಲು ಹೋದ ದಲಿತ ಯುವಕನೊಬ್ಬ ಕತ್ತರಿಯ ಇರಿತಕ್ಕೆ ಸತ್ತ. ಪೇಪರಿನಲ್ಲಿ ಬಂದ ಸುದ್ದಿ. ಸಂಗನಾಳ ನಮ್ಮೂರಿಂದ ಬಸ್ಸಿನಲ್ಲಿ ಹೊರಟ್ರೆ ಮಧ್ಯಾಹ್ನದೊಳಗೆ ತಲುಪೋ ದೂರ. ‘ಒಂದು ಹೇರ್ ಕಟ್‌ಗೆ ಇಷ್ಟೊಂದಾ’ ಅನ್ನೋ ಪ್ರಶ್ನೆ ಆ ಸಿನಿಮಾಕ್ಕೆ ಕೇಳಿದ್ದು ಅಂತ ನಮ್ಮ ಗೆಳೆಯ ಅಂದ್ಕೊಂಡಿದ್ದ. ಅದನ್ನ ಕೇಳಬೇಕಾದ್ದು ಊರಿಗೆ.

ನಾನು ಈ ಸುದ್ದಿ ಹೇಳಿದೆ. ಟೇಬಲ್ ಸುಮ್ಮನಾಯ್ತು. ಟೆಸ್ಟಿಂಗ್ ಟೀಮಿನ ಒಬ್ಬ ಹುಡುಗ, ಮೂರು ವರ್ಷದಿಂದ ನಮ್ಮ ಜೊತೆ ಊಟಕ್ಕೆ ಕೂರೋನು, ಮಾತು ಕಮ್ಮಿ, ನಿಧಾನಕ್ಕೆ ಅಂದ: ‘ನಾವು ಕಟಿಂಗಿಗೆ ತಾಲೂಕಿಗೆ ಹೋಗ್ತಿದ್ವಿ ಸರ್. ನಮ್ಮಪ್ಪ ಬಸ್ ಚಾರ್ಜ್ ಉಳಿಸೋಕೆ ಮನೇಲೇ ಬ್ಲೇಡಲ್ಲಿ ಮಾಡೋನು.’ ಆಮೇಲೆ ನಡೆದ ಮಾತು ಬೇರೆ ಥರದ್ದು. ಯಾರ್ಯಾರ ಊರಿನಲ್ಲಿ ಹೆಂಗೆ, ಯಾರ ಮನೆಯಲ್ಲಿ ಯಾವ ಲೋಟ, ಎಲ್ಲಾ ಬಂತು. ಒಬ್ಬರು ಸಿಟ್ಟಾಗಿ ಎದ್ದೂ ಹೋದ್ರು. ಆಗಲಿ. ಮೂರು ವರ್ಷ ‘ಬಿಜಿಎಂ ಬೆಂಕಿ’ ಅಂತ ಮಾತಾಡಿಕೊಂಡು ಪಕ್ಕದಲ್ಲಿ ಕೂತವನು ಯಾರು ಅಂತ ನಮಗೆ ಗೊತ್ತೇ ಇರಲಿಲ್ಲ.

ದುಡ್ಡಿನ ಮಾತು ಪೂರ್ತಿ ಬೇಡ ಅಂತ ನಾನೇನೂ ಹೇಳ್ತಿಲ್ಲ. ಆಡೋದಾದ್ರೆ ನೆಟ್ಟಗೆ ಆಡಿ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಕೋಟಿ ಲೆಕ್ಕ ಹೇಳೋ ಫ್ಯಾನುಗಳು ಆ ವಾರವೂ ಕೋಟಿ ಲೆಕ್ಕವನ್ನೇ ಹೇಳ್ತಿದ್ರು. ಆ ಕೋಟಿ ಬರೋದು ನಿಮ್ಮ ಜೇಬಿನಿಂದ ಕಣ್ರೀ! ಚಿಕ್ಕ ಸಿನಿಮಾಕ್ಕೆ ಯಾಕೆ ಬೆಳಿಗ್ಗೆ ಹತ್ತರ ಒಂದೇ ಶೋ ಸಿಗ್ತದೆ, ಆ ಹೊತ್ತಿಗೆ ಕೆಲಸಕ್ಕೆ ಹೋಗೋ ಯಾವ ಮನುಷ್ಯ ಬರ್ತಾನೆ, ಇದನ್ನ ಕೇಳಿ. ಕಾಣದ ಪ್ರೊಡ್ಯೂಸರಿಗೆ ಸಂಬಳ ಇಲ್ಲದ ಆಡಿಟರ್ ಆಗೋದು ಯಾವ ಸುಖ ಅಂತ ನನಗೆ ತಿಳಿಯಲ್ಲ.

ಎಲ್ಲರೂ ನೋಡಿರೋ ಸಿನಿಮಾದಿಂದಲೇ ಶುರು ಮಾಡೋಣ, ‘ಸು ಫ್ರಂ ಸೋ’. ಸ್ಪಾಯ್ಲರ್ ಇದೆ, ಬೇಡದವರು ಇಲ್ಲೇ ನಿಲ್ಲಿಸಿ. ಸ್ಟಾರ್ ಇಲ್ಲದೆ, ಬಾಯಿಂದ ಬಾಯಿಗೆ ಹಬ್ಬಿ ನೂರು ಕೋಟಿ ದಾಟಿತು ಅಂತ ನೀವು ಹೇಳೋ ಮೊದಲೇ ನಾನೇ ಹೇಳಿಬಿಟ್ಟೆ, ಅದು ಮುಗೀತು. ನಾನೂ ಹೊಟ್ಟೆ ಹುಣ್ಣಾಗೋ ಹಂಗೆ ನಕ್ಕಿದ್ದೀನಿ, ರವಿಯಣ್ಣ ಈಗಲೂ ಇಷ್ಟ. ಅಶೋಕನ ಮೈಮೇಲೆ ಸುಲೋಚನ ಬಂದಿದ್ದು ಸುಳ್ಳು, ಆ ಸುಳ್ಳಿನಿಂದಲೇ ಕೊನೆಗೆ ಸುಲೋಚನಳ ಮಗಳಿಗೆ ಒಳ್ಳೇದಾಯ್ತು. ಒಳ್ಳೆಯದು ಮಾಡೋ ಸುಳ್ಳನ್ನ ಒಪ್ಪಬಹುದಾ ಅನ್ನೋದು ಒಂದು ಜಗಳ. ಅದರಲ್ಲಿ ನಾನು ಅಶೋಕನ ಕಡೆ. ಆದ್ರೆ ಆ ಸುಳ್ಳು ಹುಟ್ಟಿದ್ದು ಎಲ್ಲಿ? ಹುಡುಗಿಯೊಬ್ಬಳ ಬಚ್ಚಲುಮನೆಗೆ ಇಣುಕಲು ಹೋಗಿ ಸಿಕ್ಕಿಬಿದ್ದಾಗ. ಸಿನಿಮಾ ಅದನ್ನ ನಗೆಯಲ್ಲಿ ತೇಲಿಸಿಬಿಡ್ತದೆ, ನಾವೂ ತೇಲಿ ಹೋದೆವು. ಅವನು ಊರಿಗೆ ಒಳ್ಳೆಯವನಾದ ಮೇಲೂ ಆ ಹುಡುಗಿಗೆ ಅವನ ಲೆಕ್ಕ ಚುಕ್ತಾ ಆಗಿಲ್ಲ ಅಂತ ನನ್ನ ವಾದ. ನೀವೇನಂತೀರಿ?