ಫಲಕ ಉಳಿಯಿತು, ಹೆಸರು ಅಳಿಯಿತು

ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ದೊರೆತ ನೂರನೆಯ ವರ್ಷದ ಆಚರಣೆಗೆಂದು ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರ 2019ರ ಮೇ ತಿಂಗಳಲ್ಲಿ ‘ರೈಟ್‌ಫುಲ್ಲಿ ಹರ್ಸ್’ ಎಂಬ ಪ್ರದರ್ಶನ ತೆರೆಯಿತು. ಜನರನ್ನು ಸೆಳೆಯಲು ಅಲ್ಲಿ ಒಂದು ದೊಡ್ಡ ಚಿತ್ರ ಹಾಕಿದ್ದರು. ಒಂದು ಬದಿಯಿಂದ ನೋಡಿದರೆ 2017ರ ಜನವರಿ 21ರ ಮಹಿಳಾ ಮೆರವಣಿಗೆ ಕಾಣುತ್ತಿತ್ತು. ಒಂದು ಹೆಜ್ಜೆ ಸರಿದರೆ ಅದೇ ಪೆನ್ಸಿಲ್ವೇನಿಯಾ ಅವೆನ್ಯೂವಿನಲ್ಲಿ 1913ರಲ್ಲಿ ಮತದ ಹಕ್ಕು ಕೇಳಿ ಹೊರಟ ಹೆಂಗಸರು ಕಾಣುತ್ತಿದ್ದರು. ಎಂಥ ಒಳ್ಳೆಯ ಕಲ್ಪನೆ! ಆದರೆ 2020ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಬಯಲು ಮಾಡಿದ ಸಂಗತಿ ಆ ಕಲ್ಪನೆಯ ಬುಡವನ್ನೇ ಕಡಿಯಿತು. 2017ರ ಚಿತ್ರದಲ್ಲಿ ಹೆಂಗಸರ ಕೈಯಲ್ಲಿದ್ದ ಕೆಲವು ಫಲಕಗಳ ಮೇಲಿನ ‘ಟ್ರಂಪ್’ ಎಂಬ ಆಗಿನ ಅಧ್ಯಕ್ಷರ ಹೆಸರನ್ನೂ ಹೆಣ್ಣಿನ ಅಂಗಗಳನ್ನು ಸೂಚಿಸುವ ಪದಗಳನ್ನೂ ಮಸುಕು ಮಾಡಲಾಗಿತ್ತು. ಸುದ್ದಿ ಹೊರಬಿದ್ದ ಮರುದಿನವೇ ಪತ್ರಾಗಾರ ತಪ್ಪೊಪ್ಪಿಕೊಂಡು ಚಿತ್ರವನ್ನು ತೆಗೆಯಿತು. ಆ ನೇರವಂತಿಕೆಗೆ ಗೌರವ ಸಲ್ಲಲೇಬೇಕು. ಆದರೆ ಕ್ಷಮೆ ಕೇಳುವ ಮುನ್ನ ಅದು ಕೊಟ್ಟ ಸಮರ್ಥನೆಗಳನ್ನು ಒಪ್ಪುವವರು ಈಗಲೂ ಇದ್ದಾರೆ. ಹಾಗಾಗಿ ಅವುಗಳಿಗೆ ಉತ್ತರ ಹೇಳಬೇಕಾಗಿದೆ.

ಮೊದಲು 1913ರ ಮೆರವಣಿಗೆಯನ್ನೇ ನೋಡೋಣ. ಮತದ ಹಕ್ಕಿನ ಚಳವಳಿಯ ನಾಯಕಿ ಆಲಿಸ್ ಪಾಲ್ ಮತ್ತು ಸಂಗಾತಿಗಳು ಅದಕ್ಕೆ ಆರಿಸಿಕೊಂಡ ದಿನ ಮಾರ್ಚ್ 3, ವುಡ್ರೋ ವಿಲ್ಸನ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವ ಹಿಂದಿನ ದಿನ. ಅಧಿಕಾರಕ್ಕೆ ಬರುತ್ತಿರುವ ವ್ಯಕ್ತಿಯ ಮುಖಕ್ಕೆ ನೇರವಾಗಿ ಪ್ರಶ್ನೆ ಹಾಕುವುದೇ ಅವರ ಉದ್ದೇಶ. ಸಾವಿರಾರು ಹೆಂಗಸರ ಮೇಲೆ ಗುಂಪು ಮುಗಿಬಿದ್ದಿತು, ಪೊಲೀಸರಲ್ಲಿ ಅನೇಕರು ನೋಡುತ್ತ ನಿಂತರು, ಸುಮಾರು ನೂರು ಮಂದಿ ಆಸ್ಪತ್ರೆ ಸೇರಿದರು, ಸೆನೆಟ್ ವಿಚಾರಣೆ ನಡೆಸಬೇಕಾಯಿತು. 1917ರಲ್ಲಿ ಅದೇ ಚಳವಳಿಗಾರ್ತಿಯರು ಶ್ವೇತಭವನದ ಬಾಗಿಲಲ್ಲಿ ದಿನದಿನವೂ ಮೌನವಾಗಿ ನಿಂತರು. ಅವರ ಬಾವುಟಗಳು ‘ಸರ್ಕಾರ’ವನ್ನೋ ‘ವ್ಯವಸ್ಥೆ’ಯನ್ನೋ ಕೇಳುತ್ತಿರಲಿಲ್ಲ, ಅಧ್ಯಕ್ಷರನ್ನೇ ಕೇಳುತ್ತಿದ್ದವು. ಆಗಸ್ಟ್‌ನಲ್ಲಿ ಒಂದು ಬಾವುಟ ವಿಲ್ಸನ್‌ರನ್ನು ಹೆಸರು ಹಿಡಿದು ಜರ್ಮನಿಯ ಚಕ್ರವರ್ತಿ ಕೈಸರ್‌ಗೆ ಹೋಲಿಸಿತು, ಅದೂ ಜರ್ಮನಿಯ ಜೊತೆ ಯುದ್ಧ ನಡೆಯುತ್ತಿದ್ದಾಗ. ಜನ ಬಾವುಟ ಹರಿದರು, ಪೊಲೀಸರು ಹೆಂಗಸರನ್ನು ಬಂಧಿಸಿದರು. ಜೈಲಿನಲ್ಲಿ ಉಪವಾಸ ಕೂತ ಪಾಲ್‌ಗೆ ಬಲವಂತವಾಗಿ ಕೊಳವೆಯಿಂದ ಆಹಾರ ತುರುಕಿದರು. 1918ರಲ್ಲಿ ಅದೇ ವಿಲ್ಸನ್ ಸೆನೆಟ್ ಮುಂದೆ ನಿಂತು ಮಹಿಳೆಯರ ಮತದ ಹಕ್ಕಿನ ಪರ ಮಾತಾಡಿದರು. ಹೆಸರು ಹಿಡಿದು ಕೇಳಿದ್ದು ಈ ಹೋರಾಟದ ಬೆನ್ನೆಲುಬು. ಅಧಿಕಾರದಲ್ಲಿರುವ ಅಧ್ಯಕ್ಷರ ಹೆಸರನ್ನು ಮಸುಕು ಮಾಡುವ ನಿಯಮ ಸರಿಯಾದರೆ ವಿಲ್ಸನ್ ಹೆಸರಿರುವ ಬಾವುಟಗಳ ಫೋಟೋಗಳಿಗೂ ಅದೇ ಗತಿ ಬರಬೇಕಲ್ಲವೇ?

ಸರ್ಕಾರಿ ಸಂಸ್ಥೆ ಪಕ್ಷಾತೀತವಾಗಿರಬೇಕು, ಹಾಲಿ ಅಧ್ಯಕ್ಷರ ನಿಂದೆಯನ್ನು ಗೋಡೆಗೆ ಹಾಕಿದರೆ ರಾಜಕೀಯ ಮಾಡಿದಂತಾಗುತ್ತದೆ ಎಂಬುದು ಮೊದಲ ವಾದ. ಪಕ್ಷಾತೀತತೆ ಬೇಕೇ ಬೇಕು. ಆದರೆ ಬೀದಿಯಲ್ಲಿ ನಡೆದದ್ದನ್ನು ಇದ್ದ ಹಾಗೆ ತೋರಿಸುವವನು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಒಬ್ಬರಿಗೆ ಮುಜುಗರವಾಗದಂತೆ ತಿದ್ದುವವನು ಖಂಡಿತ ವಹಿಸುತ್ತಾನೆ. ಆ ಚಿತ್ರ ತೊಡಕಿನದ್ದು ಅನಿಸಿದ್ದರೆ ಬೇರೆ ಚಿತ್ರ ಆರಿಸಬಹುದಿತ್ತು. ಇದು ಸಂಗ್ರಹದ ದಾಖಲೆಯಲ್ಲ, ಪರವಾನಗಿ ಪಡೆದು ಪ್ರಚಾರಕ್ಕೆ ಬಳಸಿದ ಚಿತ್ರ ಎಂಬುದು ಇನ್ನೊಂದು ಸಮಜಾಯಿಷಿ. ಗೋಡೆಯ ಮುಂದೆ ನಿಂತ ನೋಡುಗನಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ? ಸ್ವಾತಂತ್ರ್ಯ ಘೋಷಣೆಯನ್ನೂ ಸಂವಿಧಾನದ ಮೂಲಪ್ರತಿಯನ್ನೂ ಕಾಪಾಡುವ ಮನೆ ಅದು. ಅಲ್ಲಿ ಕಂಡದ್ದನ್ನು ಜನ ನಿಜವೆಂದೇ ನಂಬುತ್ತಾರೆ. ಮಕ್ಕಳು ಬರುವ ಜಾಗ ಎಂಬ ಮಾತಿನಲ್ಲಿ ಸ್ವಲ್ಪ ತೂಕವಿದೆ. ಆದರೆ ಹೆಂಗಸರು ಆ ಪದಗಳನ್ನು ಫಲಕಕ್ಕೆ ತಂದದ್ದು ಸುಮ್ಮನೆ ಅಲ್ಲ. ಹೆಣ್ಣಿನ ಮೈ ಮೇಲೆ ಕೈ ಹಾಕುವುದರ ಬಗ್ಗೆ ಟ್ರಂಪ್ 2005ರಲ್ಲಿ ಆಡಿದ ಮಾತಿನ ಧ್ವನಿಮುದ್ರಣ 2016ರ ಅಕ್ಟೋಬರ್‌ನಲ್ಲಿ ಹೊರಬಂದಿತ್ತು. ಅವರ ಪದವನ್ನೇ ಹೆಂಗಸರು ಅವರಿಗೆ ತಿರುಗಿಸಿ ಕೊಟ್ಟರು. ಇಷ್ಟಕ್ಕೂ ಮಕ್ಕಳ ನೆಪ ಅಧ್ಯಕ್ಷರ ಹೆಸರಿಗೆ ಅನ್ವಯಿಸುವುದಿಲ್ಲ.

ನಾಲ್ಕು ಪದ ಮಸುಕಾದರೆ ಏನು ಮುಳುಗಿತು ಎನ್ನುವವರು 1913ರ ಮೆರವಣಿಗೆಯ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ದಕ್ಷಿಣದ ರಾಜ್ಯಗಳ ಬಿಳಿಯರು ಮುನಿಸಿಕೊಂಡಾರು ಎಂಬ ಭಯದಿಂದ ಸಂಘಟಕರು ಕಪ್ಪು ಮಹಿಳೆಯರನ್ನು ಹಿಂದಿನ ಸಾಲಿಗೆ ಸರಿಸಲು ನೋಡಿದರು. ನೋಡುವವರಿಗೆ ಹಿತವಾಗುವಂತೆ ದೃಶ್ಯವನ್ನು ಸಜ್ಜುಗೊಳಿಸುವ ಅದೇ ಲೆಕ್ಕಾಚಾರ. ಗುಂಪುಹತ್ಯೆಗಳ ವಿರುದ್ಧ ವರ್ಷಗಟ್ಟಲೆ ಬರೆದಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ಇಲಿನಾಯ್ ರಾಜ್ಯದ ತಂಡದೊಂದಿಗೆ ಬಂದಿದ್ದರು. ಅವರಿಗೂ ಹಿಂದೆ ಹೋಗಲು ಹೇಳಿದರು. ವೆಲ್ಸ್ ಒಪ್ಪಲಿಲ್ಲ. ರಸ್ತೆಬದಿಯ ಜನರ ನಡುವೆ ಕಾದು ನಿಂತು, ತಮ್ಮ ತಂಡ ಎದುರಿಗೆ ಬಂದಾಗ ಸಾಲಿನೊಳಕ್ಕೆ ಕಾಲಿಟ್ಟು, ಇಬ್ಬರು ಬಿಳಿಯ ಸಂಗಾತಿಗಳ ನಡುವೆ ನಡೆದರು. ಎರಡು ದಿನಗಳ ನಂತರ ಷಿಕಾಗೊದ ಪತ್ರಿಕೆಯೊಂದು ಆ ಸಾಲಿನ ಫೋಟೋ ಅಚ್ಚು ಮಾಡಿತು. ವೆಲ್ಸ್ ಅದರಲ್ಲಿ ಎದುರಿಗೇ ಇದ್ದಾರೆ. ಅದನ್ನು ಯಾರೂ ತಿದ್ದಲಿಲ್ಲ.