ನೀಲಿ ಹೊಳಪು, ಅವಸರದ ತೀರ್ಮಾನ

ಪಾಠಯೋಜನೆಯ ‘ತೀರ್ಮಾನ’ದ ಕಾಲಂ ಅನ್ನು ತರಗತಿಗೆ ಹೋಗುವ ಮೊದಲೇ ತುಂಬಿಬಿಡುವ ರೂಢಿ ನಮ್ಮಲ್ಲಿದೆ. ಈ ರೂಢಿಯನ್ನು ಪ್ರಶ್ನಿಸಲು ಅಂಬರ್‌ನ ಪ್ರತಿದೀಪ್ತಿ ತಕ್ಕ ಪಾಠವೆಂಬುದು ನನ್ನ ಅಭಿಪ್ರಾಯ.

ಕೋಟ್ಯಂತರ ವರ್ಷ ನೆಲದಡಿ ಹುದುಗಿ ಗಟ್ಟಿಯಾದ ಮರದ ರಾಳವೇ ಅಂಬರ್. ಉಜ್ಜಿದರೆ ಕಾಗದದ ಚೂರನ್ನು ಸೆಳೆಯುವ ವಸ್ತುವೆಂದು ಸ್ಥಿರವಿದ್ಯುತ್ತಿನ ಪಾಠದಲ್ಲಿ ಅದರ ಹೆಸರು ಬರುತ್ತದೆ. ನೇರಳಾತೀತ ಕಿರಣ ಬಿದ್ದಾಗ ಅದರ ಕೆಲವು ಅಣುಗಳು ಶಕ್ತಿಯನ್ನು ಹೀರಿ, ಸ್ವಲ್ಪ ಕಳೆದುಕೊಂಡು, ಉಳಿದದ್ದನ್ನು ಹೆಚ್ಚು ತರಂಗದೂರದ ಬೆಳಕಾಗಿ ಹೊರಬಿಡುತ್ತವೆ. ಕಾಣದ ಕಿರಣ ನೀಲಿ ಹೊಳಪಾಗುವುದು ಹೀಗೆ. ಈ ವಿದ್ಯಮಾನವನ್ನು 1852ರಲ್ಲಿ ವಿವರಿಸಿದವರು ಜಾರ್ಜ್ ಸ್ಟೋಕ್ಸ್.

ಇಷ್ಟರಿಂದಲೇ ‘ಹೊಳೆದರೆ ಅಸಲಿ ಅಂಬರ್’ ಎಂಬ ಸೂತ್ರ ಕಟ್ಟಿಬಿಡುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅಷ್ಟು ಹಳೆಯದಲ್ಲದ ಕೋಪಾಲ್ ರಾಳವೂ ಮಂದವಾಗಿ ಹೊಳೆಯಬಹುದು. ಕೆಲವು ಪ್ಲಾಸ್ಟಿಕ್‌ಗಳೂ ಬಟ್ಟೆ ಒಗೆಯುವ ಪುಡಿಯೂ ಹೊಳೆಯುತ್ತವೆ. ಅಸಲಿ ಅಂಬರ್‌ನ ಹೊಳಪೂ ಎಲ್ಲ ಕಡೆ ಒಂದೇ ಅಲ್ಲ: ಡೊಮಿನಿಕನ್ ಗಣರಾಜ್ಯದ ನೀಲಿ ಅಂಬರ್ ಬಿಸಿಲಿನಲ್ಲೇ ನೀಲಿಯಾಗಿ ಕಾಣುತ್ತದೆ. ಅಗ್ಗದ 395 ನ್ಯಾನೊಮೀಟರ್ ಟಾರ್ಚ್ ತಾನೇ ನೇರಳೆ ಬೆಳಕು ಚೆಲ್ಲಿ ಗೊಂದಲ ಮಾಡುತ್ತದೆ, 365ರದ್ದು ಮೇಲು.

ಆದ್ದರಿಂದ ಮೇಜಿನ ಮೇಲೆ ಒಂದೇ ಮಣಿ ಸಾಲದು. ಅಂಬರ್, ಕೋಪಾಲ್, ಗಾಜು, ಪಾಲಿಸ್ಟೈರೀನ್ ಮಣಿಗಳಿಗೆ ಸಂಖ್ಯೆ ಕೊಟ್ಟು, ಹೆಸರು ಹೇಳದೆ ಇಡೋಣ. ಟಾರ್ಚ್ ಕಣ್ಣಿಗೆ ಬೀಳದಂತೆ ನೋಡಿಕೊಳ್ಳೋಣ. ನಂತರ ಗಾಢ ಉಪ್ಪುನೀರು: ಗಾಜು ಮುಳುಗುತ್ತದೆ, ಉಳಿದವು ತೇಲುತ್ತವೆ. ಬಳಿಕ ಶಿಕ್ಷಕರೇ ಹಾಕುವ ಒಂದು ಹನಿ ಅಸಿಟೋನ್: ಕೋಪಾಲ್ ಅಂಟಂಟಾಗುತ್ತದೆ, ಅಂಬರ್ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಒಂದೊಂದು ಪರೀಕ್ಷೆಯೂ ಕೆಲವನ್ನು ಹೊರಗಿಡುತ್ತದೆ. ಯಾವುದೂ ಒಂಟಿಯಾಗಿ ತೀರ್ಪು ಕೊಡದು.

ಪಶ್ಚಿಮ ಘಟ್ಟದ ಸಾಲುಧೂಪದ ರಾಳವನ್ನೂ ಸಾಲಿಗೆ ಸೇರಿಸಬಹುದು. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ, ಸುಮಾರು 5 ಕೋಟಿ ವರ್ಷ ಹಳೆಯ ಅಂಬರ್ ಇದೇ ಡಿಪ್ಟೆರೋಕಾರ್ಪ್ ಕುಟುಂಬದ ಮರಗಳದ್ದು.

40 ನಿಮಿಷದಲ್ಲಿ ತೀರ್ಮಾನ ಬರದಿದ್ದರೆ ‘ಉದ್ದೇಶ ಈಡೇರಿಲ್ಲ’ ಎಂದು ಅಂಕ ಕಳೆಯುತ್ತಾರೆ; ನನ್ನ ಒಂದು ಪಾಠದ ವೀಕ್ಷಣಾ ನಮೂನೆಯಲ್ಲೂ ಹಾಗೆ ಬರೆದಿತ್ತು. ಪಾಠ ದಡ ಮುಟ್ಟಬೇಕೆಂಬ ಕಾಳಜಿ ಅರ್ಥವಾಗುತ್ತದೆ. ಆದರೆ ‘2ನೇ ಮಣಿ ಗಾಜಲ್ಲ, ಅಂಬರೋ ಕೋಪಾಲೋ ಹೇಳಲು ಇನ್ನೊಂದು ಪರೀಕ್ಷೆ ಬೇಕು’ ಎಂದು ಕಾರಣ ಕೊಟ್ಟು ಬರೆದ ಮಗು ವಿಜ್ಞಾನ ಕಲಿತಿಲ್ಲವೇ? ಅಂಥ ಉತ್ತರಕ್ಕೂ ನಮೂನೆಯಲ್ಲಿ ಅಂಕವಿರಲಿ ಎಂಬುದು ನಮ್ಮ ಬೋಧಕರಲ್ಲಿ ನನ್ನ ವಿನಂತಿ.