ಬಾಡಿಗೆದಾರನೂ ಸಾರ್ವಜನಿಕನೇ

ಸಣ್ಣ ಪಟ್ಟಣಗಳಲ್ಲಿ ಬೀದಿಯೊಂದರ ಹಣೆಬರಹ ಬದಲಾಗುವುದು ಪತ್ರಿಕೆಯ ಒಳಪುಟದ ಪ್ರಕಟಣೆಯಿಂದ. ಸರ್ವೇ ನಂಬರ್, ವಿಸ್ತೀರ್ಣ, ‘ವಸತಿಯಿಂದ ವಾಣಿಜ್ಯಕ್ಕೆ’ ಎಂಬ ಒಂದು ಸಾಲು; ಅದು ತಮ್ಮದೇ ಬೀದಿಯೆಂದು ಅಲ್ಲಿ ವಾಸಿಸುವವರಿಗೆ ತಿಳಿಯುವುದೇ ಇಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14-ಎ ಪ್ರಕರಣವು ಇಂತಹ ಬದಲಾವಣೆಗೆ ಆಕ್ಷೇಪ ಸಲ್ಲಿಸಲು ಕನಿಷ್ಠ 15 ದಿನಗಳ ಅವಕಾಶ ನೀಡಿದೆ.

ವಾಣಿಜ್ಯವೇ ಬೇಡವೆಂಬುದು ನನ್ನ ವಾದವಲ್ಲ. ಜಗಲಿಯಲ್ಲಿ ಬೀಡಿ ಸುತ್ತಿ, ಹೊಲಿಗೆ ಯಂತ್ರ ತುಳಿದು ಸಂಸಾರ ನಡೆಸುವ ಸಹೋದರಿಯರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿಲ್ಲ! ಆದರೆ ಎರಡು ಆಟೋಗಳು ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದ ಓಣಿಯಲ್ಲಿ ಮೂರಂತಸ್ತಿನ ಮಳಿಗೆ ಎದ್ದರೆ ವಾಹನ ನಿಲ್ಲುವುದೆಲ್ಲಿ? ಜಾಗದ ಬೆಲೆ ಏರಿದರೆ ಮಾಲಕನಿಗೆ ಲಾಭ. ಮನೆ ಖಾಲಿ ಮಾಡಬೇಕಾದವರು ಇದೇ ಸಹೋದರಿಯರು. ಬಾಡಿಗೆದಾರನಿಗೆ ಇದರಲ್ಲೇನು ಕೆಲಸವೆಂದು ಕೇಳುವವರಿದ್ದಾರೆ. ಕಾನೂನು ಆಕ್ಷೇಪ ಆಹ್ವಾನಿಸುವುದು ಸಾರ್ವಜನಿಕರಿಂದ, ಕೇವಲ ಖಾತೆದಾರರಿಂದಲ್ಲ.

2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015 ವಸತಿ ಬಡಾವಣೆಗಳಲ್ಲಿ ಮಿಶ್ರ ಬಳಕೆಗೆ ದಾರಿ ತೆರೆದಾಗ ನಿವಾಸಿಗಳು ಹೈಕೋರ್ಟಿನ ಮೆಟ್ಟಿಲೇರಿದರು. ಬೀಡಿಯ ಮಜೂರಿಯನ್ನೇ ನಂಬಿದ ಕುಟುಂಬಕ್ಕೆ ಆ ತ್ರಾಣವೆಲ್ಲಿದೆ? ಅದಕ್ಕಿರುವುದು ಆ ಹದಿನೈದು ದಿನಗಳು ಮಾತ್ರ. ಆಕ್ಷೇಪ ಬರೆಯಲು ವಕೀಲರು ಬೇಕಿಲ್ಲ. ಸರ್ವೇ ನಂಬರ್, ರಸ್ತೆಯ ಅಗಲ, ಒದಗುವ ತೊಂದರೆ ಇಷ್ಟನ್ನು ಬರೆದು, ಸಹಿ ಹಾಕಿ, ಯೋಜನಾ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಪಡೆಯಬೇಕು. ನಿಕಾಹ್, ಮರಣದ ಸುದ್ದಿ ಹಚ್ಚುವ ಜಮಾಅತ್ ಫಲಕದಲ್ಲಿ ಈ ಪ್ರಕಟಣೆಗೂ ಸ್ಥಳವಿರಲಿ. ಸರ್ವೇ ನಂಬರಿನ ಪಕ್ಕದಲ್ಲಿ ಬೀದಿಯ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಲಿ.